ಹಡಗಿನ ಮಕ್ಕಳ ಕೋಣೆಯಲ್ಲಿ ನನ್ನ ಕೆಲಸ

ನಾನು ಕ್ರೂಸ್ ಹಡಗಿನಲ್ಲಿ ಯೂತ್ ಸ್ಟಾಫ್. ಪ್ರಯಾಣಿಕರ ಮಕ್ಕಳನ್ನು ಆಡಿಸುವುದು, ನೋಡಿಕೊಳ್ಳುವುದು ನನ್ನ ಕೆಲಸ. ರಜೆಗೆ ಧಾರವಾಡಕ್ಕೆ ಬಂದಾಗ 'ಆರಾಮ್ ಕೆಲಸ ಬಿಡ್ರಿ, ಸಮುದ್ರ ನೋಡ್ಕೋತ ಹುಡುಗರ ಜೋಡಿ ಆಡೋದು' ಅನ್ನುವವರೇ ಜಾಸ್ತಿ. ಆಡುವುದಂತೂ ಇದ್ದೇ ಇದೆ. ಆದರೆ ನನ್ನ ಪ್ರಕಾರ ಈ ಕೆಲಸದ ಜೀವ ಇರುವುದು ಕೋಣೆಯ ಬಾಗಿಲಲ್ಲಿ. ಮಗುವನ್ನು ಯಾರಿಂದ ಒಪ್ಪಿಸಿಕೊಂಡೆ, ಯಾರ ಕೈಗೆ ಒಪ್ಪಿಸಿದೆ ಅನ್ನುವುದರಲ್ಲಿ.

ಡಿ.ಎಡ್. ಮುಗಿಸಿ ಹುಬ್ಬಳ್ಳಿಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದೆ. ಏಪ್ರಿಲ್ ಬಂತೆಂದರೆ ಧಾರವಾಡದ ಬೇಸಿಗೆ ಶಿಬಿರಗಳಲ್ಲಿ ಹಾಡು, ನಾಟಕ, ಮುಖವಾಡ, ಮಣ್ಣಿನ ಕೆಲಸ. ಹಡಗಿನ ಕೆಲಸದ ಸಂದರ್ಶನದಲ್ಲಿ ನನ್ನ ಅಂಕಪಟ್ಟಿಗಿಂತ ಈ ಶಿಬಿರಗಳ ಬಗ್ಗೆಯೇ ಹೆಚ್ಚು ಕೇಳಿದರು. ಮಳೆ ಬಂದು ಹೊರಗಿನ ಆಟ ನಿಂತರೆ ಮಕ್ಕಳನ್ನು ಹೇಗೆ ಹಿಡಿದಿಡುತ್ತೀರಿ, ಒಂದು ಮಗು ಇನ್ನೊಂದನ್ನು ಕಚ್ಚಿದರೆ ಏನು ಮಾಡುತ್ತೀರಿ, ಇಂಥವು. ಶಿಬಿರ ಮಾಡಿದವರಿಗೆ ಇದಕ್ಕೆ ಉತ್ತರ ಹುಡುಕಬೇಕಿಲ್ಲ, ಅಲ್ವಾ?

ಸಾಮಾನ್ಯವಾಗಿ 3 ವರ್ಷ ತುಂಬಿದ, ಡೈಪರ್ ಬಿಟ್ಟ ಮಕ್ಕಳನ್ನು ಸೇರಿಸಿಕೊಳ್ಳುತ್ತೇವೆ. ವಯಸ್ಸಿನ ಪ್ರಕಾರ ಗುಂಪು ಬೇರೆ ಬೇರೆ. ಬಾಗಿಲಲ್ಲೇ ಪಾಲಕರಿಂದ ಫಾರ್ಮ್ ತುಂಬಿಸುತ್ತೇವೆ. ಅಲರ್ಜಿ ಇದೆಯಾ, ಔಷಧಿ ಏನು, ಕರೆದೊಯ್ಯಲು ಯಾರು ಬರಬಹುದು, ಪಾಸ್‌ವರ್ಡ್ ಏನು. ಸುಮ್ನೆ ಕಾಗದ ಅನ್ನಿಸಬಹುದು. ಆದರೆ ಮಕ್ಕಳು ಬೊಂಬೆ ಮಾಡುವ ಆಟದ ಹಿಟ್ಟಿನಲ್ಲಿ (ಪ್ಲೇ ಡೋ) ಸಾಮಾನ್ಯವಾಗಿ ಗೋಧಿ ಇರುತ್ತದೆ. ಗೋಧಿ ಅಲರ್ಜಿ ಇರುವ ಮಗುವಿಗೆ ಬೇರೆ ಜೇಡಿ ತೆಗೆದಿಡಬೇಕಾದರೆ ಆ ಫಾರ್ಮ್ ಓದಿಯೇ ಇರಬೇಕು.

ಆ ಹಿಟ್ಟಿನಲ್ಲಿ ನಾನು ಮಾಡಿಸುವುದು ನಮ್ಮ ಕಡೆಯ ಎತ್ತು. ಜೂನ್ ಹೊತ್ತಿಗೆ ಇಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಅದೇ ಹೊತ್ತಿಗೆ ಅಮೆರಿಕದ ಶಾಲೆಗಳಿಗೂ ಬೇಸಿಗೆ ರಜೆ, ಹಡಗಿನ ತುಂಬ ಮಕ್ಕಳು. ಆ ಮಕ್ಕಳು ಮಾಡುವ ಎತ್ತಿಗೆ ಡುಬ್ಬ ಇರುವುದಿಲ್ಲ, ಅವರು ನೋಡಿದ ದನಗಳೇ ಹಾಗೆ. ಹೆಬ್ಬೆರಳು, ತೋರುಬೆರಳಲ್ಲಿ ಹಿಟ್ಟನ್ನು ಹಿಂಡಿ ಮೇಲೆತ್ತಿ ಡುಬ್ಬ ತೋರಿಸುತ್ತೇನೆ. ಒಬ್ಬ ಹುಡುಗಿ ಡುಬ್ಬ ಜಾರದಂತೆ ಬೆರಳು ಒತ್ತಿ ಹಿಡಿದುಕೊಂಡೇ ಕೂತಿದ್ದಳು, ಊಟಕ್ಕೆ ಕರೆದರೂ ಏಳಲಿಲ್ಲ. ದೊಡ್ಡ ಮಕ್ಕಳಿಗೆ ಚೌಕಾಬಾರಾ ಕಲಿಸುತ್ತೇನೆ. ಹಡಗು ಹೊಯ್ದಾಡುವಾಗ ಮೇಜಿನ ಮೇಲೆ ಕಾಯಿ ನಿಲ್ಲುವುದಿಲ್ಲ. ಹಾಗಾಗಿ ನೆಲಕ್ಕೆ ಟೇಪ್ ಅಂಟಿಸಿ 25 ಮನೆ ಮಾಡಿ, ಮಕ್ಕಳನ್ನೇ ಕಾಯಿಗಳಾಗಿ ನಿಲ್ಲಿಸುವುದು. ಚಿಕ್ಕವರ ಕೋಣೆಗೆ ಮಾತ್ರ ಕವಡೆ ಒಯ್ಯುವುದಿಲ್ಲ, ಬಾಯಿಗೆ ಹಾಕಿಕೊಂಡಾವು.

ಮತ್ತೆ ಬಾಗಿಲಿಗೆ ಬರುತ್ತೇನೆ. ಒಂದು ಸಂಜೆ ಒಬ್ಬ ಅಜ್ಜ ಮೊಮ್ಮಗನನ್ನು ಕರೆದೊಯ್ಯಲು ಬಂದರು. ಹುಡುಗ 'ಅಜ್ಜಾ' ಅಂತ ಓಡಿ ಹೋಗಿ ಕಾಲು ತಬ್ಬಿಕೊಂಡ. ಫಾರ್ಮ್‌ನಲ್ಲಿ ಅಜ್ಜನ ಹೆಸರಿಲ್ಲ. ನಾನು ಕೊಡಲಿಲ್ಲ. ಅವರಿಗೆ ಸಿಟ್ಟು ಬಂತು, ಹುಡುಗ ಅಳಲು ಶುರು ಮಾಡಿದ, ಹಿಂದೆ ಸಾಲು ಬೆಳೆಯಿತು. ತಾಯಿಗೆ ಕರೆ ಮಾಡಿಸಿದೆ. ಅವರು ಊಟ ಬಿಟ್ಟು ಬಂದು, ಪಾಸ್‌ವರ್ಡ್ ಹೇಳಿ, ಫಾರ್ಮ್‌ನಲ್ಲಿ ಅಜ್ಜನ ಹೆಸರು ಸೇರಿಸಿದರು. ಅಷ್ಟು ಹೊತ್ತೂ ನಾನು ಹುಡುಗನ ಪಕ್ಕ ಮಂಡಿಯೂರಿ ಕೂತಿದ್ದೆ, ಅಜ್ಜ ಎದುರಿಗೇ ಕಾಣುವ ಹಾಗೆ. ಮಗು ಗುರುತು ಹಿಡಿಯಿತು ಅಂತ ಕೊಟ್ಟುಬಿಡುವಂತಿಲ್ಲ. ಮನೆಮನೆಯ ಜಗಳ, ಕೋರ್ಟಿನ ಆದೇಶ ನಮಗೇನು ಗೊತ್ತು? ಈ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ.

ಅಪಾಯದ ಸಿಗ್ನಲ್ ಕಲಿಸುವುದೂ ನಮ್ಮ ಪಾಲಿನದೇ. ಏಳು ಗಿಡ್ಡ ಸದ್ದು, ಆಮೇಲೆ ಒಂದು ಉದ್ದ. ಏಳು ಚಪ್ಪಾಳೆ ತಟ್ಟಿಸಿ, ಕೊನೆಗೆ ಉಸಿರು ಮುಗಿಯುವ ತನಕ 'ಹೋ' ಅನ್ನಿಸುತ್ತೇನೆ. ಹೆದರದೆ ಕಲಿಯುತ್ತಾರೆ. ಪುಟ್ಟವರ ಕೈಪಟ್ಟಿಯಲ್ಲಿ ಅವರು ಸೇರಬೇಕಾದ ಜಾಗದ ಗುರುತು ಇರುತ್ತದೆ. ಕೈ ತೊಳೆಸುವುದರಲ್ಲೂ ರಿಯಾಯಿತಿ ಇಲ್ಲ. ಹಡಗುಗಳಲ್ಲಿ ವಾಂತಿಭೇದಿ ಹಬ್ಬಿಸುವ ನೊರೊವೈರಸ್‌ಗೆ ಸ್ಯಾನಿಟೈಸರ್ ಸಾಲದು, ಸೋಪು-ನೀರೇ ಬೇಕು.

ದುಡಿತ ಕಡಿಮೆಯೇನಲ್ಲ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು ಅಂತ ಅಂತರರಾಷ್ಟ್ರೀಯ ನಿಯಮ ಇದೆ. ಉಳಿದದ್ದರಲ್ಲಿ ಬಹುಪಾಲು ಕೆಲಸವೇ. ಬಂದರಿನ ದಿನ ಮನೆಮಂದಿಯೆಲ್ಲ ಇಳಿದು ಹೋಗುತ್ತಾರೆ, ಕೋಣೆ ಹಗುರ. ದಿನವಿಡೀ ಸಮುದ್ರದಲ್ಲೇ ಇದ್ದರೆ ಕಾಲು ಊರಲು ಪುರುಸೊತ್ತಿಲ್ಲ.

ಹೋಗಬೇಕು ಅನ್ನುವವರು ಮೊದಲು ಪಾಸ್‌ಪೋರ್ಟ್ ಮಾಡಿಸಿ, ಅದು ಹುಬ್ಬಳ್ಳಿಯಲ್ಲೇ ಆಗುತ್ತದೆ. ಆಮೇಲೆ ಎಸ್‌ಟಿಸಿಡಬ್ಲ್ಯು, ಅಂದರೆ ಹಡಗಿನ ಸಿಬ್ಬಂದಿಗೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕೊಡುವ ಸುರಕ್ಷತಾ ತರಬೇತಿ. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು ಎಲ್ಲ ಕಲಿಸುತ್ತಾರೆ. ನಾನು ಮಾಡಿದ್ದು ಗೋವಾದಲ್ಲಿ. ಸಿಡಿಸಿ (ಹಡಗಿನ ಸಿಬ್ಬಂದಿಯ ಗುರುತು ಮತ್ತು ಸೇವೆಯ ದಾಖಲೆ) ಪುಸ್ತಕ ಮತ್ತು ವೈದ್ಯಕೀಯ ಪರೀಕ್ಷೆ ಬೇಕು, ಅಮೆರಿಕದ ಬಂದರುಗಳಿಗೆ ಹೋಗುವ ಹಡಗಾದರೆ ಸಿಬ್ಬಂದಿಗೆ ಕೊಡುವ ಸಿ1/ಡಿ ವೀಸಾ. ಇನ್ನು ಏಜೆಂಟರು. ಕೆಲಸ ಕೊಡಿಸುತ್ತೇವೆ ಅಂತ ಲಕ್ಷ ಲಕ್ಷ ಕೇಳುವವರು ನಮ್ಮ ಊರುಗಳಲ್ಲೂ ಇದ್ದಾರೆ. ಹಡಗಿಗೆ ಆಳು ಕಳಿಸುವವರಿಗೆ ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ (ನೇಮಕಾತಿ) ಲೈಸೆನ್ಸ್ ಇರಬೇಕು, ಕೆಲಸ ಕೊಡಿಸಿದ್ದಕ್ಕೆ ನಿಮ್ಮಿಂದ ಫೀ ತೆಗೆದುಕೊಳ್ಳುವಂತಿಲ್ಲ. ಲೈಸೆನ್ಸ್ ನಂಬರ್ ಕೇಳಿ, ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಿ, ಆಮೇಲಷ್ಟೇ ಕಾಗದಪತ್ರ ಕೊಡಿ.