ಕಾಯಿಲೆ ಪದಗಳನ್ನು ಉರು ಹೊಡೆಯುವವರಿಗೆ

ಫಸ್ಟ್ ಇಯರ್ ನರ್ಸಿಂಗ್ ಮಕ್ಕಳೇ, ಪದಗಳ ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ನಮ್ಮ ಕಡೆಯ ಒಂದೇ ಕಾಯಿಲೆ ಹಿಡಿದುಕೊಳ್ಳಿ, ಮಂಗನ ಕಾಯಿಲೆ. 1957ರಲ್ಲಿ ಮೊದಲು ಪತ್ತೆಯಾಗಿದ್ದು ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, ಅದಕ್ಕೇ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅನ್ನುವ ಹೆಸರು. ಕಾಯಿಲೆ ತರುವ ವೈರಸ್ ಪ್ಯಾಥೋಜನ್. ಅದನ್ನು ಹೊತ್ತು ತರುವ ಉಣುಗು ವೆಕ್ಟರ್. ಪ್ರಾಣಿಗಳಿಂದ ಮನುಷ್ಯರಿಗೆ ಬರುವಂಥದ್ದು, ಹಾಗಾಗಿ ಝೂನೋಸಿಸ್. ಮಲೆನಾಡಿನಲ್ಲಿ ಯಾವಾಗಲೂ ಇದ್ದೇ ಇರುತ್ತದೆ ಅಲ್ವಾ, ಅದು ಎಂಡೆಮಿಕ್. ಉಣುಗು ಕಚ್ಚಿ ಜ್ವರ ಬರುವವರೆಗಿನ 3ರಿಂದ 8 ದಿನ ಇನ್‌ಕ್ಯುಬೇಷನ್.

ಜಾಸ್ತಿ ಜನ ಎಡವುವುದು ಸೈನ್, ಸಿಂಪ್ಟಮ್ ಹತ್ತಿರ. ಕಾಡಿನಲ್ಲಿ ದರಗು (ಒಣ ಎಲೆ) ಗುಡಿಸಿ ಬಂದ ಅಜ್ಜಿ ‘ತಲೆ ಸಿಡೀತದೆ ಮಾರಾಯ್ತಿ’ ಅಂದರೆ ಸಿಂಪ್ಟಮ್. ಅದು ನಿಮಗೆ ಕಾಣಲ್ಲ, ಅವರೇ ಹೇಳಬೇಕು. ಥರ್ಮಾಮೀಟರ್ 103 ತೋರಿಸಿದರೆ, ಕಣ್ಣು ಕೆಂಪಗಿದ್ದರೆ ಸೈನ್. ನಾನು ಇಂಟರ್ನಲ್ಸ್‌ನಲ್ಲಿ ಇದನ್ನೇ ಉಲ್ಟಾ ಬರೆದು 2 ಮಾರ್ಕ್ಸ್ ಕಳೆದುಕೊಂಡಿದ್ದೆ!

ಇನ್ನು ಪದದ ಬಾಲ ನೋಡಿ. ‘ಐಟಿಸ್’ ಇದ್ದರೆ ಉರಿಯೂತ: ಹೆಪಟೈಟಿಸ್ ಲಿವರಿನದು, ಗ್ಯಾಸ್ಟ್ರೈಟಿಸ್ ಜಠರದ್ದು. ‘ಈಮಿಯಾ’ ಇದ್ದರೆ ರಕ್ತದ ವಿಷಯ. ಡಯಾಬಿಟಿಸ್‌ಗೆ ಮಾತ್ರ ಈ ಲೆಕ್ಕ ಹಚ್ಚಬೇಡಿ. ಕೇಳೋಕೆ ಒಂದೇ ಥರ, ಆದರೆ ಅದು ಉರಿಯೂತ ಅಲ್ಲವೇ ಅಲ್ಲ.