ಉಷ್ಗುಲಿಯ ಗೋಪುರಕ್ಕೆ ಗಾರೆ ಹಾಕಿದ ಕಥೆ

ಮೊದಲ ಮೂರು ದಿನ ನಾನು ಮಾಡಿದ್ದು ಒಂದೇ ಕೆಲಸ. ಗೋಡೆಯ ಬಿರುಕುಗಳ ಫೋಟೊ ತೆಗೆದು, ಒಂದೊಂದಕ್ಕೂ ನಂಬರ್ ಕೊಟ್ಟೆ. ಜೊತೆಗಿದ್ದ, ಅಲ್ಲಿನ ಸ್ವಾನ್ ಜನಾಂಗದ ವಯಸ್ಸಾದ ಮೇಸ್ತ್ರಿ ಅದನ್ನೆಲ್ಲ ನೋಡಿ ಸುಮ್ನೆ ಬೆರಳನ್ನು ಮೇಲಕ್ಕೆ ತೋರಿಸಿದರು. ಚಾವಣಿ ಸೋರುತ್ತಿತ್ತು.

ಊರು ಜಾರ್ಜಿಯಾ ದೇಶದ ಸ್ವಾನೇತಿ ಅನ್ನೋ ಬೆಟ್ಟದ ಸೀಮೆಯಲ್ಲಿದೆ. ಉಷ್ಗುಲಿ ಅನ್ನೋ ಹಳ್ಳಿಗಳ ಗುಂಪಿನಲ್ಲಿ ಒಂದಾದ ಚಝಾಶಿ. ಸುಮಾರು 2,100 ಮೀಟರ್ ಎತ್ತರ, ಹಿಂದೆ 5,000 ಮೀಟರ್ ದಾಟಿದ ಶ್ಖಾರಾ ಶಿಖರ. 1971ರಿಂದ ಊರಿಗೆ ಊರೇ ಮ್ಯೂಸಿಯಂ ಮೀಸಲು ಪ್ರದೇಶ, 1996ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಗೋಪುರ ಅಂದ ಕೂಡಲೇ ನಮಗೆ ದೇವಸ್ಥಾನ ನೆನಪಾಗುತ್ತೆ, ಅಲ್ವಾ? ಇಲ್ಲಿನ ಕೋಶ್ಕಿ, ಅಂದರೆ ಕಲ್ಲಿನ ಗೋಪುರ, ಹಾಗಲ್ಲ. ದಾಳಿಯಾದಾಗ, ಮನೆತನಗಳ ಜಗಳ ಹೊತ್ತಿಕೊಂಡಾಗ ಮನೆಮಂದಿ ಹತ್ತಿ ಕೂರುತ್ತಿದ್ದ ಜಾಗ ಅದು.

ಚಾವಣಿಯಿಂದ ಇಳಿದ ನೀರು ಗೋಡೆಯ ಒಳಗಿನ ಕಲ್ಲುಚೂರಿನಲ್ಲಿ ನಿಲ್ಲುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹೊರಗಿನ ಕಲ್ಲನ್ನು ತಳ್ಳುತ್ತದೆ. ಹಾಗಾಗಿ ಮೊದಲು ಚಾವಣಿ ಮುಗಿಸಿದೆವು. ಆಮೇಲೆ ಹಳೇ ಸಿಮೆಂಟ್ ತೆಗೆಯುವ ಸರದಿ. ಹಿಂದೆ ಯಾರೋ ಒಳ್ಳೇ ಮನಸ್ಸಿನಿಂದಲೇ ಸಂದುಗಳಿಗೆ ಸಿಮೆಂಟ್ ಮೆತ್ತಿದ್ದರು. ನೀರು ಆ ಸಂದುಗಳಿಂದ ಹೊರಗೆ ಬರಲಾಗದೆ ಕಲ್ಲಿನ ಮೂಲಕವೇ ಬಂದಿತ್ತು. ಕಲ್ಲಿನ ಮುಖ ಹಪ್ಪಳದ ಹಾಗೆ ಎದ್ದಿತ್ತು, ಸಿಮೆಂಟ್ ಮಾತ್ರ ಗಟ್ಟಿಯಾಗಿ ಕೂತಿತ್ತು. ಅದನ್ನು ಉಳಿ, ಸುತ್ತಿಗೆ ಹಿಡಿದು ಕೈಯಲ್ಲೇ ತೆಗೆಯಬೇಕು. ಮೆಷಿನ್ ಹಾಕಿದರೆ ಕಲ್ಲಿನ ಅಂಚೇ ಹೋಗುತ್ತದೆ.

ಸಿಮೆಂಟ್ ತೆಗೆದ ಜಾಗಕ್ಕೆ ಸುಣ್ಣದ ಗಾರೆ. ಅದು ನನಗೆ ಗೊತ್ತಿದ್ದ ಕೆಲಸ. ಆ ಜಂಬವೇ ಮುಳುವಾಯಿತು. ಕರ್ನಾಟಕದಲ್ಲಿ ಹಳೇ ಮನೆಗಳ ಕೆಲಸ ಮಾಡುವಾಗ ಬಿಸಿಲಿಗೆ ಹೆದರಿ ಸಂಜೆ ಹೊತ್ತು ಗಾರೆ ಹಾಕುವುದು ನನ್ನ ರೂಢಿ. ಅಲ್ಲೂ ಸೆಪ್ಟೆಂಬರ್ ಕೊನೆಯಲ್ಲಿ ನಾಲ್ಕು ಗಂಟೆ ಮೇಲೆ ಕರಣೆ ಹಿಡಿದೆ. ರಾತ್ರಿ ಇಬ್ಬನಿ ಮಂಜುಗಡ್ಡೆಯಾಯಿತು. ಬೆಳಿಗ್ಗೆ ಬೆರಳಿಟ್ಟರೆ ಗಾರೆ ರವೆಯ ಹಾಗೆ ಉದುರಿತು. ಮೇಸ್ತ್ರಿ ಬೈಯಲಿಲ್ಲ. ಬಕೆಟ್ ತಂದು ಮುಂದಿಟ್ಟರು, ಅಷ್ಟೇ. ಹಾಕಿದ್ದನ್ನೆಲ್ಲ ಕೆರೆದು ತೆಗೆದೆ.

ಅಲ್ಲಿಂದ ಮುಂದೆ ಮಧ್ಯಾಹ್ನ ಊಟದ ಹೊತ್ತಿಗೆ ಗಾರೆ ಬಂದ್. ಸಂದಿಗೆ ನೀರು ಚಿಮುಕಿಸಿ, ಗಾರೆಯನ್ನು ಆಳಕ್ಕೆ ಒತ್ತಿ ತುಂಬುತ್ತಿದ್ದೆವು. ಅರ್ಧ ಬಿಗಿದ ಮೇಲೆ ಗಡಸು ಬ್ರಷ್ಷಿನ ತುದಿಯಿಂದ ಟಪಟಪ ಬಡಿಯಬೇಕು. ಆಗ ಮೇಲಿನ ನುಣುಪು ಹೋಗಿ ಮರಳಿನ ಕಾಳು ಕಾಣುತ್ತದೆ, ಗಾರೆ ಉಸಿರಾಡುತ್ತದೆ. ರಾತ್ರಿಗೆ ಗೋಣಿಚೀಲದ ಹೊದಿಕೆ, ಅದರ ಮೇಲೆ ಟಾರ್ಪಾಲು. ಚಳಿ ಜಾಸ್ತಿಯಾದ ವಾರ ಕೆಲಸವನ್ನೇ ನಿಲ್ಲಿಸಿದೆವು.

14ನೇ ನಂಬರಿನ ಬಿರುಕನ್ನು ಮಾತ್ರ ತುಂಬಲಿಲ್ಲ. ಒಳಗಡೆ ಅದಕ್ಕೆ ಅಡ್ಡಲಾಗಿ ತೆಳ್ಳಗೆ ಜಿಪ್ಸಮ್ ಪಟ್ಟಿ ಬಳಿದು ತಾರೀಖು ಬರೆದೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಪಟ್ಟಿ ಸೀಳುತ್ತದೆ. ಮುಂದಿನ ಜೂನ್‌ನಲ್ಲಿ ಮೇಸ್ತ್ರಿಯ ಮೊಮ್ಮಗಳು ವಾಟ್ಸ್ಯಾಪ್‌ನಲ್ಲಿ ಫೋಟೊ ಕಳಿಸಿದಳು. ತಾರೀಖು ಅಳಿಸಿಹೋಗಿತ್ತು. ಪಟ್ಟಿ ಸೀಳಿರಲಿಲ್ಲ.