ಕಚೇರಿ ನಡುವೆ ತಂತಿ ಹರಿದರೆ: ಪಿಟೀಲಿನ ಪೆಟ್ಟಿಗೆಯಲ್ಲಿ ಏನಿರಬೇಕು?

ಗಣೇಶೋತ್ಸವದ ಪೆಂಡಾಲೊಂದರಲ್ಲಿ ಗಾಯಕಿ ತೋಡಿ ರಾಗದ ಆಲಾಪನೆ ಮುಗಿಸಿ ಪಿಟೀಲಿನ ಹುಡುಗನ ಕಡೆ ಕೈ ತೋರಿಸಿದರು. ಅವನು ತಾರಸ್ಥಾಯಿಗೆ ಏರುತ್ತಿದ್ದಂತೆ ಟಣ್ ಎಂದು ಮೊದಲ ತಂತಿ ಹರಿಯಿತು. ಪೆಟ್ಟಿಗೆಯಲ್ಲಿ ಹೊಸ ತಂತಿಯೇನೋ ಇತ್ತು. ಆದರೆ ಅದರ ತುದಿಯಲ್ಲಿ ಗುಂಡು. ಅವನ ಪಿಟೀಲಿನ ಕೊಕ್ಕೆಗೆ ಬೇಕಿದ್ದದ್ದು ಕುಣಿಕೆಯ ತಂತಿ. ಪಕ್ಕದಲ್ಲಿ ಎರಡನೇ ಪಿಟೀಲೂ ಇತ್ತು, ತಿಂಗಳುಗಟ್ಟಲೆ ಮುಟ್ಟದ್ದು, ಬೇರೆ ಶ್ರುತಿಯಲ್ಲಿ ನಿಂತದ್ದು. ಎಲ್ಲವನ್ನೂ ಹೊತ್ತು ತಂದು ಏನೂ ಇಲ್ಲದವನಂತೆ ಕುಳಿತಿದ್ದ.

ಹಾಗಾಗಿ ಮೊದಲು ಎರಡನೇ ವಾದ್ಯದ ಪ್ರಶ್ನೆ ಇತ್ಯರ್ಥವಾಗಲಿ. ಊರಲ್ಲೇ ಕಚೇರಿಯಾದರೆ ಎರಡನೇ ಪಿಟೀಲು ಬೇಡ. ಪರ ಊರಾದರೆ ತನ್ನಿ, ಆದರೆ ವೇದಿಕೆ ಏರುವ ಮೊದಲೇ ಅದನ್ನೂ ಅದೇ ಶ್ರುತಿಗೆ ಕೂಡಿಸಿಡಿ. ಮೃದಂಗದವರ ಮಾತು ಬೇರೆ. ಬಲಗಡೆಯ ಚರ್ಮದ ಮುಚ್ಚಿಗೆ ಹರಿದರೆ ವೇದಿಕೆಯ ಮೇಲೆ ಯಾರೂ ಸರಿಮಾಡಲಾರರು, ಅವರು ಎರಡು ತರಲೇಬೇಕು. ವೀಣೆಯವರಿಗೆ ಬಿಡಿ ತಂತಿ ಸಾಕು. ಮಧ್ಯಾಹ್ನದ ಬಿಸಿಲಲ್ಲಿ ನಿಂತ ಕಾರಿನೊಳಗೆ ವೀಣೆ ಬಿಟ್ಟು ಊಟಕ್ಕೆ ಹೋಗದಿದ್ದರಾಯಿತು. ಮೆಟ್ಟಿಲುಗಳನ್ನು ಕೂಡಿಸಿದ ಮೇಣ ಮೆತ್ತಗಾಗುತ್ತದೆ.

ಎರಡನೆಯ ಕೆಲಸ, ತಂತಿಯನ್ನು ಪಳಗಿಸುವುದು. ಪೊಟ್ಟಣ ಒಡೆಯದ ತಂತಿಯನ್ನೇ ಬಿಡಿ ತಂತಿ ಎಂದು ಇಟ್ಟುಕೊಳ್ಳುವುದು ದೊಡ್ಡ ತಪ್ಪು. ಹೊಸ ತಂತಿ ಎಳೆದಷ್ಟೂ ಇಳಿಯುತ್ತದೆ. ಉಕ್ಕಿನ ಮೊದಲ ತಂತಿ ಬೇಗ ನಿಲ್ಲುತ್ತದೆ, ಮೇಲೆ ತೆಳು ಲೋಹ ಸುತ್ತಿದ ಉಳಿದ ತಂತಿಗಳಿಗೆ ದಿನಗಳೇ ಬೇಕು. ಮನೆಯಲ್ಲಿ ನಾಲ್ಕು ದಿನ ಹಾಕಿ ನುಡಿಸಿ, ಬಿಚ್ಚಿ, ಅಗಲವಾಗಿ ಸುರುಳಿ ಮಾಡಿ ಲಕೋಟೆಯಲ್ಲಿಡಿ. ಮೊದಲ ತಂತಿ ಎರಡಿರಲಿ, ಉಳಿದವು ಒಂದೊಂದು. ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರಿಗೆ ಹರಿಯಲು ಇನ್ನೂ ಮೂರು ಇದ್ದವು, ನಮಗಿರುವುದು ನಾಲ್ಕೇ. ಹೆಸರಿಲ್ಲದ ಅಗ್ಗದ ತಂತಿಗಳನ್ನು ಮಾತ್ರ ಕೊಳ್ಳಬೇಡಿ. ಬೆವರು ತಾಗಿದ ವಾರಕ್ಕೇ ತುಕ್ಕು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ತಂತಿ ಹರಿದ ಕೂಡಲೇ ತಂತಿ ಬಿಗಿಯುವ ಬಿರಡೆಗೆ ಕೈ ಹಾಕಬೇಡಿ. ಹಿಡಿದ ಸಂಗತಿಯನ್ನು, ಅಂದರೆ ನುಡಿಸುತ್ತಿದ್ದ ಸಾಲನ್ನು, ಉಳಿದ ಮೂರು ತಂತಿಗಳಲ್ಲೇ ಮುಗಿಸಿ. ಮೃದಂಗದವರೇ ನುಡಿಸುವ ತನಿ ಆವರ್ತನ ಹತ್ತಿರವಿದ್ದರೆ ಅದಕ್ಕಿಂತ ಒಳ್ಳೆಯ ಬಿಡುವು ಬೇರೆ ಇಲ್ಲ. ವಾದ್ಯಕ್ಕೆ ಅಂಟಿಸಿದ ಮೈಕ್ ಇದ್ದರೆ ಮೊದಲು ಅದನ್ನು ಆರಿಸಿ, ಇಲ್ಲವಾದರೆ ನಿಮ್ಮ ರಿಪೇರಿಯ ಸದ್ದು ಹಿಂದಿನ ಸಾಲಿನವರೆಗೂ ಕೇಳಿಸುತ್ತದೆ. ಪಿಟೀಲನ್ನು ಮಡಿಲಲ್ಲಿ ಮಲಗಿಸಿ ಹರಿದ ತುಂಡನ್ನಷ್ಟೇ ತೆಗೆಯಿರಿ. ಗಾಬರಿಯಲ್ಲಿ ಉಳಿದವನ್ನೂ ಸಡಿಲಿಸಿದರೆ ತಂತಿಗಳನ್ನು ಹೊತ್ತು ನಿಂತ ಕುದುರೆ ಬಿದ್ದುಹೋಗುತ್ತದೆ, ಒಳಗಿನ ಆಧಾರದ ಕಡ್ಡಿಯೂ ಜಾರಬಹುದು. ಅಲ್ಲಿಗೆ ಆ ಸಂಜೆ ಮುಗಿಯಿತು.

ಹೊಸ ತಂತಿಯ ತುದಿ ಬಿರಡೆಯ ತೂತಿನಿಂದ ಅರ್ಧ ಸೆಂಟಿಮೀಟರ್ ಹೊರಗೆ ಇಣುಕಲಿ. ಮೊದಲ ಸುತ್ತು ಆ ತುದಿಯ ಮೇಲೆಯೇ ಹಾಯ್ದು ಅದನ್ನು ಅದುಮಬೇಕು. ಉಳಿದ ಸುತ್ತುಗಳು ಒಂದರ ಪಕ್ಕ ಒಂದು, ಬಿರಡೆಯ ಹಿಡಿಯ ಕಡೆಗೆ ಸಾಗಲಿ. ಒಂದರ ಮೇಲೊಂದು ಹತ್ತಿದರೆ ಶ್ರುತಿ ನಿಲ್ಲದು. ತಿರುಗಿಸುವಾಗ ಬಿರಡೆಯನ್ನು ಒಳಕ್ಕೆ ಒತ್ತುತ್ತಲೇ ಇರಿ. ತಂತಿ ಬಿಗಿಯಾದಂತೆ ಕುದುರೆಯ ತಲೆ ಬಿರಡೆಗಳ ಕಡೆಗೆ ವಾಲುತ್ತದೆ. ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳಲ್ಲಿ ಹಿಡಿದು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ. ಇದನ್ನು ಮರೆತವರ ಕುದುರೆ ಮುಂದಿನ ಕೀರ್ತನೆಯ ನಡುವೆ ಮಗುಚಿದ್ದನ್ನು ಕಂಡಿದ್ದೇನೆ. ಶ್ರುತಿ ನೋಡಲು ಕಮಾನು ಬೇಡ, ಕಿವಿಯ ಬಳಿ ಹಿಡಿದು ಬೆರಳಿನಿಂದ ಮೀಟಿ. ಶ್ರುತಿಯನ್ನು ಕೊಂಚವೇ ಹೊಂದಿಸುವ, ತಂತಿಯ ಬುಡದ ಸಣ್ಣ ತಿರುಪನ್ನು ಮೊದಲೇ ನಡುಮಟ್ಟಕ್ಕೆ ತಂದಿರದಿದ್ದರೆ ಏರಿಸಲೂ ಆಗದು, ಇಳಿಸಲೂ ಆಗದು.

ಗುಂಡಿನ ತಂತಿಗಳಲ್ಲಿ ಕೆಲವದರ ಗುಂಡನ್ನು ಒತ್ತಿ ತೆಗೆದು ಕುಣಿಕೆ ಮಾಡಿಕೊಳ್ಳಬಹುದು. ಅದು ಮನೆಯ ಮೇಜಿನ ಮೇಲೆ ಮಾಡುವ ಕೆಲಸ, ಸಭಿಕರ ಮುಂದೆ ಅಲ್ಲ.

ಇಷ್ಟನ್ನು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಹತ್ತು ಸಲ ಮಾಡಿ. ಮೂರು ನಿಮಿಷದೊಳಗೆ ಬರಬೇಕು.

ಉಳಿದದ್ದು ಚಿಲ್ಲರೆ: ಕಮಾನಿಗೆ ರಾಳ, ಮೈಕಿನ ಪೆಟ್ಟಿಗೆಗೆ 9 ವೋಲ್ಟ್ ಬ್ಯಾಟರಿ, ಒಂದು ಕೇಬಲ್, ತಂತಿ ಕತ್ತರಿಸುವ ಇಕ್ಕಳ, ಸಾಧ್ಯವಾದರೆ ಇನ್ನೊಂದು ಕಮಾನು. ವಿಮಾನವಾದರೆ ಇಕ್ಕಳ ಸೂಟ್‌ಕೇಸಿಗೆ. ತಂಬೂರಿಗೆ ಮೊಬೈಲ್ ಆ್ಯಪನ್ನೇ ನಂಬಿದವರು ಅದನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಡಿ; ಮಂಗಳದ ಮಧ್ಯೆ ಸಾಲ ಬೇಕೇ ಎಂದು ಕೇಳುವ ಕರೆ ಬರುತ್ತದೆ. ನನ್ನ ಪೆಟ್ಟಿಗೆಯಲ್ಲಂತೂ ಎಲೆಕ್ಟ್ರಾನಿಕ್ ತಂಬೂರಿಯೇ ಇರುತ್ತದೆ.

ಬಿಡಿ ತಂತಿ ಖರ್ಚಾದರೆ ಮನೆಗೆ ಬಂದ ರಾತ್ರಿಯೇ ಇನ್ನೊಂದನ್ನು ಪಳಗಲು ಹಾಕಿ. ನಾಳೆ ಎಂದವರ ಲಕೋಟೆ ಮುಂದಿನ ಕಚೇರಿಯಲ್ಲೂ ಖಾಲಿಯೇ ಇರುತ್ತದೆ.